ಚಪ್ಪಾಳೆ ತಟ್ಟಿದರೆ ಕಲ್ಲಿನ ವಯಸ್ಸು ಬದಲಾಗಲ್ಲ

ಒಂಬತ್ತನೇ ಕ್ಲಾಸಲ್ಲಿ ಚರ್ಚಾಸ್ಪರ್ಧೆ ಗೆದ್ದು ಒಂದು ಸ್ಟೀಲ್ ಲೋಟ ತಂದಿದ್ದೆ. ವಿಷಯ: ಭೂಮಿಯ ವಯಸ್ಸಿನ ಬಗ್ಗೆ ವಿಜ್ಞಾನ ಹೇಳೋದು ಸರಿಯೇ? ಚೀಟಿ ಎತ್ತಿದಾಗ ನನಗೆ ಬಂದಿದ್ದು ವಿರೋಧ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಕೋಟಿ ವರ್ಷದ ಹಿಂದೆ ನೋಡೋಕೆ ಯಾರಿದ್ರು?" ಭಾರೀ ಚಪ್ಪಾಳೆ. ಎದುರಿಗಿದ್ದ ಹುಡುಗಿ ಪುಸ್ತಕದಲ್ಲಿದ್ದ ಸಂಖ್ಯೆ ಹೇಳಿ ಸುಮ್ಮನಾದಳು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ನಮಗ್ಯಾರಿಗೂ ಹೇಳಿಕೊಟ್ಟಿರಲಿಲ್ಲ. "ಇಬ್ಬರೂ ಚೆನ್ನಾಗಿ ಮಾತಾಡಿದ್ರಿ" ಅಂತ ಹೇಳಿ ಮೇಷ್ಟ್ರು ಹೊರಟುಹೋದರು. ನಾನು ಹೇಳಿದ್ದು ತಪ್ಪು ಅಂತ ಆಮೇಲೂ ಯಾರೂ ಹೇಳಲಿಲ್ಲ.

ಈಗ ಆಫೀಸಿನ ಊಟದ ಟೇಬಲ್ಲಲ್ಲೂ ಅದೇ ಮಾತು ಇನ್ನೊಂದು ವೇಷದಲ್ಲಿ ಬರುತ್ತೆ: "ಮಕ್ಕಳಿಗೆ ಎರಡೂ ಕಡೆ ಹೇಳಿ, ಅವರೇ ನಿರ್ಧರಿಸಲಿ." ಕೇಳೋಕೆ ಉದಾರವಾಗಿದೆ. ಅಮೆರಿಕದ ಲೂಯಿಸಿಯಾನದಲ್ಲಿ 1981ರಲ್ಲಿ ಇದನ್ನೇ ಕಾನೂನು ಮಾಡಿದ್ರು: ವಿಕಾಸವಾದ ಕಲಿಸಿದರೆ 'ಸೃಷ್ಟಿ ವಿಜ್ಞಾನ'ವನ್ನೂ ಕಲಿಸಬೇಕು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಸ್ವಾಮಿ, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ "ನೋಡೋಕೆ ಯಾರಿದ್ರು?" ಅಂತ ನಾವು ಮ್ಯಾನೇಜರ್‌ಗೆ ಹೇಳ್ತೀವಾ? ಲಾಗ್ ತೆಗೀತೀವಿ. ಕಲ್ಲಿಗೂ ಲಾಗ್ ಇದೆ. ಜಿರ್ಕಾನ್ ಅನ್ನೋ ಹರಳು ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತೆ, ಸೀಸವನ್ನು ಹೆಚ್ಚುಕಮ್ಮಿ ಪೂರ್ತಿ ಹೊರಗಿಡುತ್ತೆ. ಯುರೇನಿಯಂ-238 ಅರ್ಧದಷ್ಟು ಕರಗಿ ಕೊನೆಗೆ ಸೀಸವಾಗೋಕೆ ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಈಗ ಒಳಗೆ ಸೀಸ ಎಷ್ಟಿದೆ, ಯುರೇನಿಯಂ ಎಷ್ಟು ಉಳಿದಿದೆ ಅಂತ ಅಳೆದರೆ ಹರಳಿನ ವಯಸ್ಸು ಸಿಗುತ್ತೆ.

ವಿಜ್ಞಾನಿಗಳು ಜಗಳ ಆಡಿಲ್ಲ ಅಂತಲ್ಲ. ಚೆನ್ನಾಗೇ ಆಡಿದ್ದಾರೆ. ಭೂಮಿ ತಣ್ಣಗಾಗೋ ವೇಗ ಹಿಡಿದು ಲೆಕ್ಕ ಹಾಕಿದ ಲಾರ್ಡ್ ಕೆಲ್ವಿನ್ 1862ರಲ್ಲಿ 2ರಿಂದ 40 ಕೋಟಿ ವರ್ಷ ಅಂದ. ಇಷ್ಟು ಸಾಲಲ್ಲ ಅಂತ ಭೂವಿಜ್ಞಾನಿಗಳು ಗೊಣಗಿದರು. ಕೊನೆಗೆ ಕೆಲ್ವಿನ್ ಸೋತಿದ್ದು ಯಾರದೋ ಭಾಷಣಕ್ಕಲ್ಲ, ಅಳತೆಗೆ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು 455 ಕೋಟಿ ಅಂದ. ಇವತ್ತಿಗೂ ಲೆಕ್ಕ ಅಲ್ಲೇ ನಿಂತಿದೆ.

"ನಮ್ಮ ಪುರಾಣದ ಕಲ್ಪವೂ 432 ಕೋಟಿ ವರ್ಷ ಅಲ್ವಾ, ಹತ್ತಿರತ್ತಿರ ಬಂತಲ್ಲ?" ಅಂತೀರಾ. ಸ್ವಲ್ಪ ತಡೀರಿ. 432 ಕೋಟಿ ಬ್ರಹ್ಮನ ಪೂರ್ತಿ ಹಗಲು. ಅದೇ ಲೆಕ್ಕದಲ್ಲಿ ಈ ಕಲ್ಪ ಶುರುವಾಗಿ ಆಗಿರೋದು ಸುಮಾರು 197 ಕೋಟಿ ವರ್ಷ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರದ ಕೆಳಗಿರೋ ಬಂಡೆಗೆ ಆಗಲೇ ಸುಮಾರು 300 ಕೋಟಿ! ಪುರಾಣದ ಎಣಿಕೆಯ ಸೌಂದರ್ಯ ನನಗೂ ಇಷ್ಟ. ಅದನ್ನು ಎಳೆದು ತಂದು ಕಲ್ಲಿನ ಜೊತೆ ಕುಸ್ತಿಗೆ ಬಿಟ್ಟು ಸೋಲಿಸೋದು ಯಾಕೆ?

ಮಕ್ಕಳು ಪ್ರಶ್ನೆ ಕೇಳಲಿ. "ನೋಡೋಕೆ ಯಾರಿದ್ರು?" ಅಂತಲೂ ಕೇಳಲಿ, ಒಳ್ಳೇ ಪ್ರಶ್ನೆಯೇ. ಆದರೆ ಅದು ಪಾಠದ ಮೊದಲ ಸಾಲಾಗಬೇಕು, ಕೊನೆಯ ಚಪ್ಪಾಳೆ ಆಗಬಾರದು. ಐದೈದು ನಿಮಿಷ ಮಾತಾಡಿಸಿ ಕೈ ಎತ್ತಿಸಿದರೆ ಮಕ್ಕಳು ಕಲಿಯೋದು ಭೂಮಿಯ ಬಗ್ಗೆ ಅಲ್ಲ. ನಾಲಿಗೆ ಉದ್ದ ಇದ್ದವನು ಹೇಳಿದ್ದೇ ಸತ್ಯ ಅಂತ ಕಲೀತಾರೆ. ಅದನ್ನು ಕಲಿತವರು ಆಮೇಲೆ ಲಸಿಕೆ ಬಗ್ಗೆಯೂ ಹಾಗೇ ತೀರ್ಮಾನ ಮಾಡ್ತಾರೆ, ವೋಟನ್ನೂ ಹಾಗೇ ಹಾಕ್ತಾರೆ.

ಲೋಟ ಊರಲ್ಲಿ ಇನ್ನೂ ಇದೆ. ಅಮ್ಮ ಅದರಲ್ಲಿ ಕಾಫಿ ಕೊಟ್ಟಾಗಲೆಲ್ಲ ಆ ಹುಡುಗಿ ನೆನಪಾಗ್ತಾಳೆ. ಆವತ್ತು ಸರಿ ಹೇಳಿದ್ದು ಅವಳು.