ಒಂದು ತುಂಡು ರೊಟ್ಟಿ

ಕಾಡಿನೊಳಗೆ ಒಂದು ಪುಣ್ಯಪುಷ್ಕರಿಣಿ; ಅದರ ಸಮೀಪದಲ್ಲಿ ಹಸಿವಿನಿಂದ ಕಂಗೆಟ್ಟ ಒಂದು ಕುಟುಂಬ. ಹನ್ನೊಂದು ಹಗಲು, ಹನ್ನೊಂದು ರಾತ್ರಿ ಅವರು ನೀರು, ಎಲೆ ಮತ್ತು ಒಂದು ಹಿಡಿ ಕಾಡು ಈಚಲ ಹಣ್ಣಿನಿಂದ ಜೀವ ಹಿಡಿದುಕೊಂಡಿದ್ದರು. ಇನ್ನು ತಾಳಲಾರೆನೆಂದು ಕುಟುಂಬದ ಯಜಮಾನನಾದ ಕುರುಡು ವೃದ್ಧನು ಆ ನೀರಿನಲ್ಲಿ ದೇಹವನ್ನು ಬಿಡುವುದೆಂದು ನಿಶ್ಚಯಿಸಿದ. ಹೆಂಡತಿಯನ್ನೂ ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆದು ಬೀಳ್ಕೊಂಡ. ಕಟ್ಟಕಡೆಗೆ ಬಂದವಳು ಕಿರಿಯ ಮಗಳು. ಆಕೆಯ ಮುಖವನ್ನು ನೋಡಲು ಅವನಿಗೆ ಕಣ್ಣಿರಲಿಲ್ಲ. ತಲೆಯನ್ನೂ ಕೆನ್ನೆಯನ್ನೂ ಸವರಿ, ಎದೆಗೆ ಅಪ್ಪಿಕೊಂಡು, ಬದುಕುವುದಾದರೆ ಮಾನವಾಗಿ ಬದುಕಬೇಕು, ಬದುಕಿನುದ್ದಕ್ಕೂ ದೇವರ ಸೇವೆ ಮಾಡಬೇಕು ಎಂದು ಹೇಳಿದ.

ಅಷ್ಟರಲ್ಲಿ ಮಗ ಮುಂದೆ ಬಂದು, ಕೂಲಿನಾಲಿ ಮಾಡಿಯಾದರೂ ಎಲ್ಲರನ್ನೂ ಸಾಕುತ್ತೇನೆಂದು ಹಟಹಿಡಿದದ್ದರಿಂದ ಆ ದಿನ ಯಾರೂ ನೀರಿಗಿಳಿಯಲಿಲ್ಲ. ಆದರೆ ತಂದೆ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಜ್ವರವು ಅವನನ್ನು ಕೊಂಡೊಯ್ದಿತು.

ಆ ವೃದ್ಧನ ಹೆಸರು ಅನಂತಶಾಸ್ತ್ರಿ ಡೋಂಗರೆ. ಊರು ಕಾರ್ಕಳದ ಬಳಿಯ ಮಾಳ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ ತಪ್ಪಿಗಾಗಿ ಸ್ವಜನರ ವಿರೋಧವನ್ನು ಕಟ್ಟಿಕೊಂಡವರು. ಆ ಕಾರಣಕ್ಕೇ ಊರನ್ನು ಬಿಟ್ಟು, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮವೊಂದನ್ನು ಕಟ್ಟಿಕೊಂಡವರು. 1858ರ ಏಪ್ರಿಲಿನಲ್ಲಿ ಅಲ್ಲಿಯೇ ಹುಟ್ಟಿದ ಮಗುವೇ ಮುಂದೆ ಪಂಡಿತಾ ರಮಾಬಾಯಿ ಎನಿಸಿದರು. ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಮಗುವನ್ನು ಘಟ್ಟದಿಂದ ಇಳಿಸಿದರಂತೆ. ಅಂದು ಬಿಟ್ಟ ಮನೆಗೆ ಆ ಮಗು ಮತ್ತೆಂದೂ ಮರಳಿ ಬಂದು ನೆಲೆಸಲಿಲ್ಲ. ಮರಾಠಿ ಮನೆಮಾತು, ಸಂಸ್ಕೃತ ತಾಯಿ ಕಲಿಸಿದ ವಿದ್ಯೆ, ಕನ್ನಡವನ್ನು ಅವರು ಹಾದಿಯಲ್ಲಿ ಕಲಿತರು.

1876–77ರಲ್ಲಿ ತುದಿ ಮುಟ್ಟಿದ ಮದರಾಸು ಪ್ರಾಂತ್ಯದ ಮಹಾಕ್ಷಾಮವು ಅದಕ್ಕೆ ಎಷ್ಟೋ ಮೊದಲೇ ಬಡವರ ಬಾಗಿಲಿಗೆ ಬಂದಿತ್ತು. ಪುರಾಣ ಹೇಳಿ ಜೀವಿಸುವ ಬ್ರಾಹ್ಮಣ ಕುಟುಂಬಕ್ಕೆ ಬೇರೆ ಕಸುಬು ತಿಳಿಯದು. ಭಿಕ್ಷೆ ಬೇಡಲು ಅಭಿಮಾನ ಬಿಡದು. ಒಡವೆ ಹೋಯಿತು, ಪಾತ್ರೆ ಹೋಯಿತು. ತಂದೆಯ ಹಿಂದೆಯೇ ತಾಯಿಯೂ ಹಾಸಿಗೆ ಹಿಡಿದರು. ಜ್ವರದ ಕನವರಿಕೆಯಲ್ಲಿ ಆಕೆ ಒಂದು ತುಂಡು ರೊಟ್ಟಿಯನ್ನು ಕೇಳಿದರು. ರಮಾಬಾಯಿಯವರು ನೆರೆಮನೆಯ ಬಾಗಿಲಿಗೆ ಹೋಗಿ ನಿಂತರು. ಬಾಯಿ ಬಿಟ್ಟು ಬೇಡಲು ನಾಲಗೆ ಏಳಲಿಲ್ಲ; ಕಣ್ಣೀರನ್ನು ತಡೆಯುವುದೇ ಪ್ರಯಾಸವಾಯಿತು. ಕೊನೆಗೂ ರೊಟ್ಟಿ ಸಿಕ್ಕಿತು. ತಂದುಕೊಟ್ಟಾಗ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ.

ಶವವನ್ನು ಹೊರಲು ಜನವಿರಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಿಸಿ ಬಂದರು, ಅಣ್ಣನು ಮೂರನೆಯವನಾದ, ನಾಲ್ಕನೆಯ ಹೆಗಲು ಮಗಳದು. ಅವರದು ಗಿಡ್ಡ ದೇಹ. ಚಟ್ಟವು ಹೆಗಲಿಗೆ ಎಟುಕದು. ಆದುದರಿಂದ ಹೆತ್ತ ತಾಯಿಯ ಚಟ್ಟವನ್ನು ಅವರು ತಲೆಯ ಮೇಲೆ ಹೊತ್ತು ಶ್ಮಶಾನದವರೆಗೆ ನಡೆದರು. ಅನಂತರ ಅಕ್ಕನೂ ಹೋದಳು.

ಉಳಿದ ಅಣ್ಣತಂಗಿಯರು ಬರಿಗಾಲಿನಲ್ಲಿ ದೇಶವನ್ನೇ ಅಳೆದರು. ಸುಮಾರು 4,000 ಮೈಲಿ ನಡೆದರೆಂದು ಲೆಕ್ಕ ಹೇಳುತ್ತಾರೆ. ಪಂಜಾಬದ ಝೇಲಂ ನದಿಯ ದಂಡೆಯಲ್ಲಿ ಚಳಿಯನ್ನು ತಡೆಯಲು ಕಂಬಳಿಯಿಲ್ಲದೆ, ಮರಳಿನಲ್ಲಿ ಗೋರಿಯಂಥ ಎರಡು ಕುಳಿಗಳನ್ನು ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲ ಮರಳಿನಿಂದ ಮುಚ್ಚಿಕೊಂಡು ರಾತ್ರಿಗಳನ್ನು ಕಳೆದುದುಂಟು. ವ್ರತಗಳನ್ನೆಲ್ಲ ನಡೆಸಿದ್ದಾಯಿತು, ಕ್ಷೇತ್ರಗಳನ್ನೆಲ್ಲ ಸುತ್ತಿದ್ದಾಯಿತು. ಶಾಸ್ತ್ರವು ಹೇಳಿದ ಫಲವು ತಮಗೇಕೆ ದೊರೆಯಲಿಲ್ಲವೆಂಬ ಪ್ರಶ್ನೆ ಇಬ್ಬರ ಮನಸ್ಸಿನಲ್ಲಿಯೂ ಬೇರೂರಿತು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಕೀರ್ತಿ ಬಂದಿತು, ಸಾವು ಮಾತ್ರ ಬೆನ್ನು ಬಿಡಲಿಲ್ಲ. 1880ರಲ್ಲಿ ಅಣ್ಣ ಶ್ರೀನಿವಾಸ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿಯ ಕಟ್ಟನ್ನು ಮೀರಿ ವಿವಾಹವಾಯಿತು. ಮುಂದಿನ ವರ್ಷ ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಸೆಳೆದೊಯ್ದಿತು. ಇಪ್ಪತ್ತನಾಲ್ಕು ತುಂಬದ ವಿಧವೆಯ ಕೈಯಲ್ಲಿ ಒಂದು ವರ್ಷವೂ ತುಂಬದ ಕೂಸು.

ಇಂಥ ಮನೆಗೆ ಸಮಾಧಾನ ಹೇಳಲು ಬರುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಪೂರ್ವಜನ್ಮದ ಕರ್ಮವೆನ್ನುವವರು ಕೆಲವರು. ದೇವರ ಪರೀಕ್ಷೆಯೆನ್ನುವವರು ಕೆಲವರು. ಯಾವ ಮತದಲ್ಲಿ ಹುಟ್ಟಿದವರೇ ಆಗಲಿ, ಸಾವಿನ ಮನೆಯ ಜಗಲಿಯ ಮೇಲೆ ಕುಳಿತಾಗ ಕಾರಣವನ್ನು ಹುಡುಕಿಕೊಡುವ ಆತುರಕ್ಕೆ ಒಳಗಾಗುತ್ತಾರೆ. ಬೈಬಲಿನ ಯೋಬನ ಕಥೆಯಲ್ಲಿ ಈ ಆತುರಕ್ಕೆ ಒಂದು ಕಠಿನವಾದ ಉತ್ತರವಿದೆ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿರುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು! ಆಮೇಲೆ ಬಾಯಿ ತೆರೆದು, ನೀನು ಪಾಪ ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ತರ್ಕ ಹೂಡುತ್ತಾರೆ. ಕಥೆಯ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ತನ್ನೊಡನೆ ಜಗಳಕ್ಕೆ ನಿಂತ ಯೋಬನ ಮೇಲಲ್ಲ. ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ.

ರಮಾಬಾಯಿಯವರಿಗೆ ಕ್ರೈಸ್ತಧರ್ಮದಲ್ಲಿ ಆಸಕ್ತಿ ಬೆಳೆದದ್ದು ಮನೆಯ ಪುಸ್ತಕಗಳ ನಡುವೆ ದೊರೆತ ಬಂಗಾಳಿ ಲೂಕನ ಸುವಾರ್ತೆಯಿಂದ. ಮನಸ್ಸನ್ನು ನಿಜವಾಗಿ ಅಲುಗಿಸಿದ್ದು ಮಾತ್ರ ಬೇರೊಂದು ನೋಟ. 1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ಅವರು ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅವರಿಗೆ ಆಶ್ರಯವಿತ್ತ ವಾಂಟೇಜಿನ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹಂನಲ್ಲಿ, ಸಮಾಜವು ಪತಿತೆಯರೆಂದು ತಳ್ಳಿಬಿಟ್ಟ ಹೆಂಗಸರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದರು. ಅಂಥವರನ್ನು ದೂರವಿಡಬೇಕೆಂಬ ಮಾತನ್ನೇ ಕೇಳಿ ಬೆಳೆದ ಶಾಸ್ತ್ರಿಗಳ ಮಗಳು ಅಲ್ಲಿ ಅವರ ಆರೈಕೆ ನಡೆಯುತ್ತಿದ್ದುದನ್ನು ಕಂಡು ಬೆರಗಾದರು. ಇದನ್ನೇಕೆ ಮಾಡುತ್ತೀರೆಂದು ವಿಚಾರಿಸಿದಾಗ ದೊರೆತ ಉತ್ತರವೇ ಸಮಾರ್ಯದ ಹೆಂಗಸಿನ ಕಥೆ.

ಕನ್ನಡ ನಾಡಿನ ಓದುಗರಿಗೆ ಆ ಕಥೆಯ ತಿರುಳನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುಹಗಲು, ಊರ ಹೊರಗಿನ ಬಾವಿ, ಒಬ್ಬಳೇ ನೀರಿಗೆ ಬಂದವಳು, ಯೆಹೂದ್ಯರು ಬಳಕೆಯಿಟ್ಟುಕೊಳ್ಳದ ಜನಕ್ಕೆ ಸೇರಿದವಳು, ಬಾಳು ಹಲವು ಸಲ ಮುರಿದವಳು. ದಣಿದು ಬಾವಿಯ ಬಳಿ ಕುಳಿತ ಯೇಸು ಅವಳಿಗೆ ಉಪದೇಶದಿಂದ ತೊಡಗುವುದಿಲ್ಲ. ಕುಡಿಯಲು ನೀರು ಕೊಡೆಂದು ಕೇಳುತ್ತಾನೆ. ನೆರೆಮನೆಯ ಬಾಗಿಲಲ್ಲಿ ನಿಂತು ಒಂದು ತುಂಡು ರೊಟ್ಟಿಗಾಗಿ ನಾಲಗೆ ಏಳದೆ ನಡುಗಿದ್ದವರ ಮನಸ್ಸಿಗೆ, ದೇವರೇ ಬಾಯಾರಿ ಬೇಡುವ ಈ ಚಿತ್ರವು ಹೇಗೆ ನಾಟಿರಬಹುದು! ಕ್ರೈಸ್ತರ ನಂಬಿಕೆಯ ವಿಶೇಷವೂ ಇಲ್ಲಿಯೇ ಇರುವಂತೆ ತೋರುತ್ತದೆ. ಗೆಳೆಯ ಲಾಜರನನ್ನು ಬದುಕಿಸಲು ಹೊರಟವನೇ ಅವನ ಗೋರಿಯ ಬಳಿ ಕಣ್ಣೀರು ಸುರಿಸುತ್ತಾನೆ. ಶಿಲುಬೆಯ ಮೇಲೆ, ದೇವರು ತನ್ನನ್ನೇಕೆ ಕೈಬಿಟ್ಟನೆಂದು ಕೂಗಿ ಕೇಳುತ್ತಾನೆ. ದುಃಖವೇಕೆ ಎಂಬುದಕ್ಕೆ ಅಲ್ಲಿ ವಿವರಣೆ ಸಿಗುವುದಿಲ್ಲ. ದುಃಖದಲ್ಲಿ ಜೊತೆಗೊಬ್ಬನು ಕುಳಿತಿರುವನೆಂಬ ಅರಿವು ಸಿಗುತ್ತದೆ.

1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನವನ್ನು ಪಡೆದರು. ಮತಾಂತರದ ಸುದ್ದಿ ಸ್ವದೇಶದಲ್ಲಿ ಬಿರುಗಾಳಿಯೆಬ್ಬಿಸಿತು. ಆ ನಿರ್ಣಯವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇರುವರು. ಆ ವಾದವು ಈ ಅಂಕಣದ್ದಲ್ಲ. ಆದರೆ ಒಂದು ಸಂಗತಿಯನ್ನು ಎರಡು ಕಡೆಯವರೂ ಸಾಮಾನ್ಯವಾಗಿ ಮರೆಯುತ್ತಾರೆ: ದೀಕ್ಷೆ ಕೊಟ್ಟವರಿಗೂ ರಮಾಬಾಯಿಯವರು ಸುಲಭಕ್ಕೆ ಮಣಿದ ಶಿಷ್ಯೆಯಾಗಿರಲಿಲ್ಲ. ತ್ರಿತ್ವದ ವಿಷಯವಾಗಿ, ಪವಾಡಗಳ ವಿಷಯವಾಗಿ, ಗುರುಗಳ ಅಧಿಕಾರದ ವಿಷಯವಾಗಿ ಅವರು ತಮ್ಮ ಆಂಗ್ಲ ಹಿರಿಯರೊಡನೆ ಪತ್ರಗಳಲ್ಲಿ ನಡೆಸಿದ ವಾಗ್ವಾದವು ಇಂದಿಗೂ ಪುಸ್ತಕರೂಪದಲ್ಲಿದೆ. ಒಬ್ಬರ ನೊಗದಿಂದ ಬಿಡಿಸಿಕೊಂಡು ಇನ್ನೊಬ್ಬರ ನೊಗಕ್ಕೆ ಕುತ್ತಿಗೆ ಕೊಡಲು ಅವರು ಸಿದ್ಧರಿರಲಿಲ್ಲ.

ಇನ್ನೂ ಸೋಜಿಗದ ಮಾತೆಂದರೆ, ದೀಕ್ಷೆಯಿಂದಲೇ ಮನಸ್ಸಿಗೆ ನೆಮ್ಮದಿ ದೊರೆಯಿತೆಂದು ಅವರು ಹೇಳಿಕೊಳ್ಳಲಿಲ್ಲ. ಕ್ರೈಸ್ತಮತವು ತಮಗೆ ಆಗ ದೊರೆತಿತ್ತು, ಕ್ರಿಸ್ತನು ದೊರೆತಿರಲಿಲ್ಲ. ಅದಕ್ಕೆ ಮತ್ತೆ ಸುಮಾರು ಎಂಟು ವರ್ಷ ಹಿಡಿಯಿತು ಎಂಬ ಅರ್ಥದಲ್ಲಿ ತಮ್ಮ ಆತ್ಮಸಾಕ್ಷ್ಯದಲ್ಲಿ ಬರೆದಿದ್ದಾರೆ. ಸಾಂತ್ವನವು ಅಂಗಡಿಯಲ್ಲಿ ಕಟ್ಟಿಸಿಕೊಂಡು ಬರುವ ಪೊಟ್ಟಣವಲ್ಲವೆಂದು ಬಲ್ಲವರು ಬೇರೆ ಹೇಗೆ ಬರೆದಾರು?

ಆ ಎಂಟು ವರ್ಷಗಳಲ್ಲಿ ಅವರು ಕೈಕಟ್ಟಿ ಕುಳಿತಿರಲಿಲ್ಲ. ಅಮೆರಿಕೆಗೆ ಹೋಗಿ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಪುಸ್ತಕವನ್ನು ಹೊರಡಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. 1893ರಲ್ಲಿ ಹುಡುಗಿಯರ ಮೇಲೆ ಕ್ರೈಸ್ತಮತದ ಪ್ರಭಾವ ಬೀಳುತ್ತಿದೆಯೆಂಬ ಆಕ್ಷೇಪವೆದ್ದು, ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾಸಮಿತಿಯಿಂದ ಹೊರಬಂದರು. ಮತದ ವಿಷಯದಲ್ಲಿ ತಟಸ್ಥವಾಗಿರುವುದೆಂಬ ಮಾತಿನ ಮೇಲೆ ತೆರೆದ ಸಂಸ್ಥೆಯಾದ್ದರಿಂದ ಅವರ ಅಸಮಾಧಾನವು ನಿರಾಧಾರವೆನ್ನುವಂತಿರಲಿಲ್ಲ. ಅನೇಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಹೀಗಿರುವಾಗ 1896–97ರ ಕ್ಷಾಮ ಬಂದಿತು. ಮಧ್ಯಪ್ರಾಂತ್ಯದಿಂದ ಸುದ್ದಿಗಳು ಬರತೊಡಗಿದವು. ರಮಾಬಾಯಿಯವರಿಗೆ ಆಗ ನೆನಪಾದದ್ದು ಧರ್ಮಗ್ರಂಥದ ವಾಕ್ಯಕ್ಕಿಂತ ಮೊದಲು ಆ ಹನ್ನೊಂದು ದಿನಗಳು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ತಾವು ಯಾವ ಸ್ಥಿತಿಯಲ್ಲಿದ್ದರೋ ಅದೇ ಸ್ಥಿತಿಯಲ್ಲಿ ಈಗ ಬೇರೆ ಹುಡುಗಿಯರಿದ್ದಾರೆ. ಕ್ಷಾಮದಲ್ಲಿ ಅನಾಥೆಯಾದ ಹೆಣ್ಣಿಗೆ ಹಸಿವಿಗಿಂತ ಕ್ರೂರವಾದ ಅಪಾಯಗಳು ಕಾದಿರುತ್ತವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಣವೆಲ್ಲಿದೆ, ಜಾಗವೆಲ್ಲಿದೆ ಎಂಬ ಲೆಕ್ಕವನ್ನು ಬದಿಗಿಟ್ಟು ಹೊರಟರು. ಎಲುಬಿನ ಗೂಡಿನಂತಿದ್ದ, ಹುಳಹುಪ್ಪಡಿ ತುಂಬಿದ ತಲೆಯ, ಬಟ್ಟೆಯಿಲ್ಲದ ಮಕ್ಕಳನ್ನು ತಂದರು. ಸುಮಾರು ಮುನ್ನೂರು ಮಂದಿ. ಕೆಲವರು ಅನ್ನವನ್ನು ಕಂಡ ಮೇಲೂ ಬದುಕಲಿಲ್ಲ. ಅಷ್ಟರಲ್ಲಿ ಪುಣೆಗೆ ಪ್ಲೇಗು ಬಂದು, ಅಷ್ಟು ಜನರನ್ನು ಪಟ್ಟಣದಲ್ಲಿ ಇರಿಸಕೂಡದೆಂದು ಅಧಿಕಾರಿಗಳ ಆಜ್ಞೆಯಾಯಿತು. ಕೇಡಗಾಂವದ ಬಯಲಿನಲ್ಲಿ ಮೊದಲೇ ಕೊಂಡಿದ್ದ ಹೊಲಕ್ಕೆ ಅವರನ್ನು ಸಾಗಿಸಿದರು. ‘ಮುಕ್ತಿ’ ಎಂಬ ಹೆಸರಿನ ಆ ಊರಂಥ ಆಶ್ರಮವು ಬೆಳೆದದ್ದು ಹೀಗೆ. 1900ರ ಗುಜರಾತಿನ ಕ್ಷಾಮದ ಅನಂತರ ಅಲ್ಲಿ ಸುಮಾರು 2,000 ಜನರಿದ್ದರು. ಮಗ್ಗ, ಹೈನು, ತೋಟ, ಎಣ್ಣೆಗಾಣ, ಅಚ್ಚುಕೂಟ. ಕುರುಡರಿಗೆ ಬ್ರೈಲ್ ಲಿಪಿಯ ಪಾಠ. ಕುರುಡು ತಂದೆಯ ಬೆರಳುಗಳು ಕೆನ್ನೆಯನ್ನು ಸವರಿದ್ದುದನ್ನು ಮರೆಯದವರು ಆ ಪಾಠದ ಮನೆಯನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರೋ!

ಭಕ್ತಿಗೆ ಪ್ರತಿಫಲವಾಗಿ ದುಃಖವು ದೂರವಾಗುವುದಾದರೆ ಇಲ್ಲಿಗೆ ಅವರ ಪಾಲಿನದು ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಕಿವಿ ದಿನೇದಿನೇ ಮುಚ್ಚುತ್ತ ಬಂದಿತು. ಮನೋರಮೆ ತಾಯಿಯ ಬಲಗೈಯಾಗಿ ಬೆಳೆದಿದ್ದಳು. ಕಲಬುರ್ಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಸ್ಥಾಪಿಸಿ ನಡೆಸಿದವಳೂ ಆಕೆಯೇ. ತನ್ನ ಅನಂತರ ಎಲ್ಲವನ್ನೂ ನೋಡಿಕೊಳ್ಳುವಳೆಂದು ತಾಯಿ ನಂಬಿದ್ದ ಆ ಮಗಳು 1921ರ ಜುಲೈಯಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ಕಣ್ಮುಚ್ಚಿದಳು.

ಆಗ ರಮಾಬಾಯಿಯವರ ಮೇಜಿನ ಮೇಲೆ ಮುಗಿಯದ ಕೆಲಸವೊಂದಿತ್ತು. ಪಂಡಿತರ ಮರಾಠಿ ಓದಲಾರದ ಸಾಮಾನ್ಯ ಹೆಂಗಸರಿಗೂ ತಿಳಿಯುವಂತೆ ಬೈಬಲನ್ನು ಮೂಲದಿಂದ ಮರಾಠಿಗೆ ತರಬೇಕೆಂದು ಅವರು ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ವರ್ಷಗಟ್ಟಲೆ ದುಡಿಯುತ್ತಿದ್ದರು. ಮಗಳು ಹೋದ ಮೇಲೆಯೂ ಕರಡಚ್ಚಿನ ಹಾಳೆಗಳು ಬರುತ್ತಲೇ ಇದ್ದವು. ಅವರು ತಿದ್ದುತ್ತಲೇ ಇದ್ದರು. ಯೋಬನ ಪ್ರಶ್ನೆಯೂ ಸಮಾರ್ಯದ ಬಾವಿಯೂ ಅದೇ ಮೇಜಿನ ಮೇಲೆ, ಅವರದೇ ಮರಾಠಿಯಲ್ಲಿ ಹಾದುಹೋಗಿದ್ದುವಲ್ಲವೆ. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಪುಸ್ತಕವು ಸಂಪೂರ್ಣವಾಗಿ ಹೊರಬಂದದ್ದು 1924ರಲ್ಲಿ. ಅದರ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ಮುಕ್ತಿಯ ಅಚ್ಚುಕೂಟದಲ್ಲಿ ಕೆಲಸ ಕಲಿತ ಹೆಣ್ಣುಮಕ್ಕಳು.