ಒಲೆಯ ಸೌದೆ ಯಾವ ಖಾತೆಗೆ?

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಪರಿಸರ ರಕ್ಷಣೆಯ ವಿಷಯ ‘ವ್ಯವಹಾರದ ಸಾಮಾಜಿಕ ಹೊಣೆಗಾರಿಕೆ’ ಎಂಬ ಅಧ್ಯಾಯದಲ್ಲಿ ಬರುತ್ತದೆ. ಪರೀಕ್ಷೆಗಾಗಿ ಅದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನನ್ನ ತಕರಾರು ಒಂದೇ, ಅದು ಇರಬೇಕಾದ ಜಾಗ ಅದಲ್ಲ. ಹೊಣೆಗಾರಿಕೆ ಎಂದ ಕೂಡಲೇ ಸಣ್ಣ ವ್ಯಾಪಾರಿಗೆ ಅದು ದೊಡ್ಡ ಕಂಪನಿಗಳು ಲಾಭ ಉಳಿದ ಮೇಲೆ ಮಾಡುವ ದಾನದಂತೆ ಕೇಳಿಸುತ್ತದೆ. ನಮ್ಮ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಘಟಕದೊಳಗೆ ಅರ್ಧ ಗಂಟೆ ನಿಂತರೆ ಸಾಕು, ಪರಿಸರ ಎನ್ನುವುದು ಅಲ್ಲಿ ನೇರವಾಗಿ ಖರ್ಚಿನ ಲೆಕ್ಕ ಎಂಬುದು ಗೊತ್ತಾಗುತ್ತದೆ.

ರೀಲರ್ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗುತ್ತಾನೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ ಅದು. ಅಲ್ಲಿ ಗೂಡಿನ ಬೆಲೆ ಹರಾಜಿನಲ್ಲಿ ನಿಲ್ಲುತ್ತದೆ, ಅವನ ಮಾತಿನಲ್ಲಿ ನಿಲ್ಲುವುದಿಲ್ಲ. ತೆಗೆದ ನೂಲಿನ ಬೆಲೆಯೂ ಅವನ ಕೈಯಲ್ಲಿಲ್ಲ. ವ್ಯಾಪಾರಿಗಳು, ನೇಕಾರರ ಬೇಡಿಕೆ, ಚೀನಾದಿಂದ ಬರುವ ರೇಷ್ಮೆ ಇವೆಲ್ಲ ಸೇರಿ ಅದನ್ನು ಏರಿಸುತ್ತವೆ, ಇಳಿಸುತ್ತವೆ. ಒಟ್ಟು ಖರ್ಚಿನಲ್ಲಿ ಗೂಡಿನದೇ ಸಿಂಹಪಾಲು. ಹಾಗಾದರೆ ಅವನ ಹಿಡಿತದಲ್ಲಿ ಉಳಿಯುವುದೇನು? ಸೌದೆ, ನೀರು, ಕರೆಂಟು, ಕೂಲಿ, ಮತ್ತೆ ನೂಲು ತೆಗೆದ ಮೇಲೆ ಉಳಿಯುವ ಕಸ. ಕೂಲಿ ಕಡಿಮೆ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾನು ಉಳಿದವುಗಳ ಬಗ್ಗೆ ಹೇಳುತ್ತೇನೆ.

‘ಕಸ’ದಿಂದ ಶುರು ಮಾಡೋಣ. ಒಂದು ಕೆಜಿ ಕಚ್ಚಾ ರೇಷ್ಮೆಗೆ ಸುಮಾರು 7 ಕೆಜಿ ಹಸಿ ಗೂಡು ಬೇಕು. ಹಸಿ ಗೂಡಿನ ತೂಕದಲ್ಲಿ ಸುಮಾರು ಶೇ 80ರಷ್ಟು ಒಳಗಿನ ಹುಳುವಿನದು. ಅಂದರೆ ಒಂದು ಕೆಜಿ ನೂಲು ಕೊಟ್ಟು ಗೂಡು ಐದೂವರೆ ಕೆಜಿ ಹುಳುವನ್ನು ಬಿಟ್ಟು ಹೋಗುತ್ತದೆ. ಅದರಲ್ಲಿ ಬಹುಪಾಲು ನೀರು. ಒಣಗಿಸಿದರೆ ಉಳಿಯುವುದರಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗದಷ್ಟು ಎಣ್ಣೆ. ಮೀನಿಗೆ, ಕೋಳಿಗೆ ಆಹಾರವಾಗಿ ಅದನ್ನು ಕೊಳ್ಳುವವರಿದ್ದಾರೆ. ಚರಂಡಿ ಪಕ್ಕ ರಾಶಿ ಹಾಕಿದರೆ ಅದೇ ಹುಳು ಬೀದಿಗೆಲ್ಲ ನಾತ (ಆ ನಾತ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಕಡಿಮೆ). ಗೂಡಿನ ಮೇಲಿನ ಒರಟು ಎಳೆಗಳೂ ಹಾಗೆಯೇ, ಸ್ಪನ್ ಸಿಲ್ಕ್ ಮಾಡುವವರಿಗೆ ಅವು ಕಚ್ಚಾ ವಸ್ತು. ಇವೆರಡನ್ನೂ ಮಾರುವ ಮಾಲೀಕರು ನಮ್ಮೂರಲ್ಲಿ ಬೇಕಾದಷ್ಟು ಜನ. ಆದರೆ ಬಂದ ಹಣ ಜೇಬಿಗೆ ಹೋಗುತ್ತದೆ, ಪುಸ್ತಕಕ್ಕೆ ಹೋಗುವುದಿಲ್ಲ. ಹೀಗಾಗಿ ಚೆನ್ನಾಗಿ ಒಣಗಿಸಿ ಮಾರಿದರೆ ಎಷ್ಟು, ಹಸಿಯಾಗಿ ಕೊಟ್ಟರೆ ಎಷ್ಟು ಎಂದು ಯಾರೂ ಹೋಲಿಸಿ ನೋಡಿಲ್ಲ.

ಇನ್ನು ಸೌದೆ. ಗೂಡಿನ ಅಂಟು ಸಡಿಲವಾಗಬೇಕಾದರೆ ಅದನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು. ಸಣ್ಣ ಘಟಕಗಳಲ್ಲಿ ಈಗಲೂ ತೆರೆದ ಒಲೆಗಳಿವೆ, ಸೌದೆಯ ಶಾಖದಲ್ಲಿ ಹೆಚ್ಚಿನ ಪಾಲು ಗೋಡೆಗೆ, ಗಾಳಿಗೆ, ಹೊಗೆಗೆ ಹೋಗುತ್ತದೆ. ಹತ್ತನೇ ತರಗತಿಯ ವಿಜ್ಞಾನ ಇಲ್ಲಿ ಸಾಕು. 25 ಡಿಗ್ರಿ ನೀರನ್ನು 95 ಡಿಗ್ರಿಗೆ ಏರಿಸಲು 70 ಡಿಗ್ರಿಯ ಶಾಖ ಕೊಡಬೇಕು. ಮಾಡಿನ ಮೇಲಿನ ಸೋಲಾರ್ ಹೀಟರಿನಿಂದ ಅದೇ ನೀರು 55 ಡಿಗ್ರಿಯಲ್ಲಿ ಒಲೆಗೆ ಬಂದರೆ 40 ಡಿಗ್ರಿ ಕೊಟ್ಟರೆ ಆಯಿತು. ನೀರು ಕಾಯಿಸುವ ಸೌದೆಯಲ್ಲಿ ಶೇ 40ಕ್ಕಿಂತ ಹೆಚ್ಚು ಉಳಿತಾಯ. ಮೋಡದ ದಿನ ಇಷ್ಟು ಸಿಗುವುದಿಲ್ಲ, ನೀರನ್ನು ಕುದಿಯಲ್ಲೇ ಹಿಡಿದಿಡಲು ಬೇಕಾದ ಸೌದೆಯೂ ಬೇರೆ. ಆದರೂ ಸೌದೆ ದಿನ ದಿನ ಸುಟ್ಟು ಹೋಗುವ ದುಡ್ಡು, ಹೀಟರ್ ಒಮ್ಮೆ ಹಾಕುವ ಬಂಡವಾಳ. ಒಂದು ರೆವಿನ್ಯೂ ಖರ್ಚು, ಇನ್ನೊಂದು ಕ್ಯಾಪಿಟಲ್ ಖರ್ಚು ಎಂಬ ವ್ಯತ್ಯಾಸವನ್ನು ನಾವು ಎರಡು ಅಂಕಕ್ಕೆ ಬರೆಯುತ್ತೇವಲ್ಲ, ಅದೇ ಇದು.

ಎಲ್ಲದರಲ್ಲೂ ಉಳಿಸಿದರೆ ಲಾಭ ಎಂದು ನಾನು ಹೇಳುತ್ತಿಲ್ಲ. ನೀರಿನ ವಿಷಯ ನೋಡಿ. ಬೇಸಿನ್‌ನ ನೀರನ್ನು ಬದಲಾಯಿಸದೆ ಎಳೆದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಹುಳುವಿನ ಎಣ್ಣೆ ಬಿಡುತ್ತದೆ, ನೂಲಿನ ಹೊಳಪು ಹೋಗಿ ಬೆಲೆ ಬೀಳುತ್ತದೆ. ಅಲ್ಲಿ ಜಿಪುಣತನ ನಷ್ಟ. ಚೆಲ್ಲುವ ನೀರಿನ ಬಿಸಿಯನ್ನು ಹೊಸ ನೀರಿಗೆ ದಾಟಿಸಿದರೆ ಮಾತ್ರ ಗಿಟ್ಟುತ್ತದೆ. ನಮ್ಮ ಮನೆಗಳಲ್ಲಿ ನಲ್ಲಿ ತೆರೆದಿಟ್ಟರೆ ಹಿರಿಯರು ‘ಇಸ್ರಾಫ್’ ಎಂದು ಗದರುತ್ತಾರೆ. ಆ ಮಾತು ವುಜೂ ಮಾಡುವಾಗ ನೆನಪಿರುತ್ತದೆ, ಅಂಗಡಿಯ ಬಾಗಿಲು ದಾಟಿದ ಮೇಲೆ ಯಾಕೋ ಮರೆತುಹೋಗುತ್ತದೆ.

ಯಾವ ಪುಸ್ತಕಕ್ಕೂ ಬರದ ಖರ್ಚು ಒಂದಿದೆ. ನನ್ನ ಖಾಲಾ ಎಷ್ಟೋ ವರ್ಷ ಬೇಸಿನ್ ಮುಂದೆ ಕೂತು ನೂಲು ತೆಗೆದವರು. ಬಿಸಿನೀರಿನಲ್ಲಿ ನೆನೆದೂ ನೆನೆದೂ ಅವರ ಬೆರಳುಗಳ ಚರ್ಮ ಬಿಳಿಚಿ ಸುಲಿದಿದೆ. ಒಲೆಯ ಹೊಗೆ ಕುಡಿದ ಎದೆ ಚಳಿಗಾಲದಲ್ಲಿ ಉಬ್ಬಸ ಪಡುತ್ತದೆ. ಇನ್ಹೇಲರಿನ ದುಡ್ಡು ಅವರ ಮನೆಯ ಖರ್ಚು, ಘಟಕದ ಖರ್ಚಲ್ಲ. ಹೊಗೆಯಿಲ್ಲದ ಒಲೆ ದುಬಾರಿ ಎನ್ನುವವರು ಈಗಿನ ಒಲೆಯ ಬಿಲ್ಲನ್ನು ಯಾರು ಕಟ್ಟುತ್ತಿದ್ದಾರೆ ಎಂದು ನೋಡಬೇಕು.

‘ಬಂಡವಾಳ ಎಲ್ಲಿಂದ ತರೋಣ?’ ಎಂದು ಮಾಲೀಕರು ಕೇಳುವುದರಲ್ಲಿ ನ್ಯಾಯವಿದೆ. ಗೂಡಿಗೆ ಹಣ ತಕ್ಷಣ ಕೊಡಬೇಕು, ನೂಲಿನ ಹಣ ತಡವಾಗಿ ಬರುತ್ತದೆ. ಬಡ್ಡಿಯ ಸಾಲವೇ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಅನೇಕ. ಸರ್ಕಾರದ ಸಹಾಯಧನ ಇದ್ದರೂ ಅರ್ಜಿ, ದಾಖಲೆ, ಓಡಾಟ ಎಂದರೆ ಎರಡು ಒಲೆಯ ಮಾಲೀಕ ಕೈ ಚೆಲ್ಲುತ್ತಾನೆ. ಆದರೆ ಮದುವೆಗೆ, ಮನೆಗೆ, ಗಾಡಿಗೆ ನಾವು ಬಡ್ಡಿಯಿಲ್ಲದ ಚೀಟಿ ಹಾಕುವುದಿಲ್ಲವೇ? ಒಂದೇ ಬೀದಿಯ ಹತ್ತು ಜನ ತಿಂಗಳಿಗೊಬ್ಬರಂತೆ ಚೀಟಿ ಎತ್ತಿ ಹೀಟರ್ ಹಾಕಿಸಿಕೊಳ್ಳಬಹುದು. ಹುಳು ಒಣಗಿಸುವ ಜಾಗವನ್ನೂ ಹತ್ತು ಜನ ಸೇರಿ ಮಾಡಿಕೊಳ್ಳಬಹುದು, ಒಟ್ಟಿಗೆ ಮಾರಿದರೆ ದರ ಕೇಳುವ ಧೈರ್ಯವೂ ಬರುತ್ತದೆ.

ಇದಕ್ಕೆ ಮೊದಲು ಲೆಕ್ಕ ಬೇಕು, ಅದನ್ನು ನಾವು ಮಾಡಿಕೊಡಬಹುದು. ಪ್ರತಿ ವರ್ಷ ಪ್ರಾಜೆಕ್ಟ್ ಎಂದರೆ ಯಾವುದೋ ದೊಡ್ಡ ಕಂಪನಿಯ ಲೋಗೋ ಅಂಟಿಸಿ, ಇಂಟರ್‌ನೆಟ್‌ನಿಂದ ಇಳಿಸಿದ ನಾಲ್ಕು ಪುಟ ಸೇರಿಸುತ್ತೇವೆ. ಈ ಬಾರಿ ವಾಣಿಜ್ಯ ವಿಭಾಗದವರು ಇಬ್ಬಿಬ್ಬರಂತೆ ಒಂದೊಂದು ಘಟಕಕ್ಕೆ ಹೋಗಿ ಒಂದು ತಿಂಗಳು ಸೌದೆಯ ತೂಕ, ಹುಳು ಮಾರಿದ ಹಣ, ತೆಗೆದ ನೂಲು ಮೂರನ್ನೂ ಬರೆದಿಡೋಣ ಎಂದು ನಮ್ಮ ಉಪನ್ಯಾಸಕರನ್ನು ಕೇಳಿಕೊಳ್ಳುತ್ತೇನೆ. ನಮ್ಮ ಬೀದಿಯ ಇಬ್ಬರು ಮಾಲೀಕರು ಆಗಲೇ ಒಪ್ಪಿದ್ದಾರೆ. ಅವರಲ್ಲಿ ಒಬ್ಬರದು ಒಂದೇ ಷರತ್ತು, ಲೆಕ್ಕವನ್ನು ಅವರ ಹೆಂಡತಿಗೂ ಓದಿ ಹೇಳಬೇಕು, ಏಕೆಂದರೆ ಒಲೆ ನೋಡಿಕೊಳ್ಳುವುದು ಅವರೇ.