ಕಪ್ಪೆಯ ಕಥೆಗೆ ನೀತಿವಾಕ್ಯದ ಬಾಲವೇಕೆ?

ಬಸದಿಗಳ ಪಾಠಶಾಲೆಗಳಲ್ಲಿ ಐದಾರು ವರ್ಷದ ಮಕ್ಕಳಿಗೆ ಕಲಿಸುವ ಕ್ರಮವನ್ನು ಗಮನಿಸಿದರೆ ಒಂದು ವೈಚಿತ್ರ್ಯವು ಎದ್ದು ಕಾಣುತ್ತದೆ. 8 ಕರ್ಮಗಳ, 6 ದ್ರವ್ಯಗಳ, 24 ಲಾಂಛನಗಳ ಹೆಸರುಗಳು ಕಂಠಪಾಠವಾಗುತ್ತವೆ. ಕಥೆಗೆ ಮಾತ್ರ ವೇಳೆ ದೊರೆಯುವುದಿಲ್ಲ. ದೊರೆತರೂ ಕಥೆ ಮುಗಿಯುವ ಮುನ್ನವೇ 'ಇದರ ನೀತಿಯೇನೆಂದರೆ' ಎಂಬ ಮಾತು ತಲೆಹಾಕುತ್ತದೆ. ಮಗು ನಗುವುದಕ್ಕೂ ಅವಕಾಶವಿಲ್ಲ, ಕೇಳುವುದಕ್ಕೂ ಅವಕಾಶವಿಲ್ಲ.

ಈ ಕ್ರಮವನ್ನು ಸಮರ್ಥಿಸುವ ಹಿರಿಯರ ವಾದ ಎರಡು ಬಗೆಯದು. ಮೊದಲನೆಯದು, ಮಾತನಾಡುವ ನರಿ, ಕಾಗೆಗಳ ಕಥೆ ಸುಳ್ಳು, ಸತ್ಯಾಣುವ್ರತಕ್ಕೆ ವಿರುದ್ಧ ಎಂಬುದು. ಅಸತ್ಯದ ಮೂಲ ಪ್ರಮಾದ, ವಂಚನೆಯ ಭಾವ. ಹೇಳುವವರಿಗೂ ಕೇಳುವವರಿಗೂ ಕಥೆಯೆಂದೇ ತಿಳಿದಿರುವಾಗ ಅಲ್ಲಿ ವಂಚನೆಗೊಳಗಾದವರು ಯಾರು? ಕಥೆ ಹೇಳುವುದು ದೋಷವಾಗಿದ್ದರೆ ಪೂರ್ಣಭದ್ರನೆಂಬ ಜೈನಮುನಿ 1199ರಲ್ಲಿ ಪಂಚತಂತ್ರವನ್ನು ಹೊಸದಾಗಿ ಸಂಯೋಜಿಸುತ್ತಿರಲಿಲ್ಲ. ಎರಡನೆಯದು, ಕಥೆ ಹಗುರ, ತತ್ತ್ವ ಘನ ಎಂಬುದು. ಆದರೆ ನಾಲ್ಕು ಅನುಯೋಗಗಳಲ್ಲಿ ಪುಣ್ಯಪುರುಷರ ಕಥೆಗಳಿಗೆ ಮೀಸಲಾದುದನ್ನೇ ಪ್ರಥಮಾನುಯೋಗವೆಂದು ಕರೆದರು. ಪ್ರಥಮವಾದುದನ್ನು ಬದಿಗಿರಿಸಿ ದ್ರವ್ಯಾನುಯೋಗವನ್ನು ಹಸುಳೆಯ ಬಾಯಿಗೆ ತುರುಕುವುದು ಯಾವ ಶಾಸ್ತ್ರದ ಕ್ರಮ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥರ ಆಚಾರಗ್ರಂಥ. ಜಿನಪೂಜೆಯ ಮಹಿಮೆಗೆ ಅದು ಕೊಡುವ ನಿದರ್ಶನ ಒಬ್ಬ ಚಕ್ರವರ್ತಿಯಲ್ಲ, ಒಂದು ಕಪ್ಪೆ. ಹಿಂದಿನ ಭವದಲ್ಲಿ ಶ್ರೇಷ್ಠಿಯಾಗಿದ್ದವನು ತಾನೇ ಒಡೆಯನಾಗಿದ್ದ ಬಾವಿಯಲ್ಲಿ ಕಪ್ಪೆಯಾಗಿ ಹುಟ್ಟಿದನು. ಆ ಕಪ್ಪೆ ಒಂದು ಹೂವನ್ನು ಕಚ್ಚಿಕೊಂಡು ಮಹಾವೀರಸ್ವಾಮಿಯ ಸಮವಸರಣಕ್ಕೆ ಕುಪ್ಪಳಿಸುತ್ತ ಹೊರಟಿತು. ದಾರಿಯಲ್ಲಿ ಶ್ರೇಣಿಕನ ಆನೆಯ ಕಾಲಡಿಗೆ ಸಿಕ್ಕಿ ಸತ್ತು ದೇವನಾಯಿತು. ಈ ಕಥೆ ಕೇಳಿದ ಮಗು ಮೊದಲು ಬಾವಿಯ ಒಡೆಯನೇ ಕಪ್ಪೆಯಾದುದಕ್ಕೆ ನಗುತ್ತದೆ. ಆಮೇಲೆ ಕೇಳುತ್ತದೆ: 'ಆನೆಗೆ ಪಾಪ ಬಂತೆ?'

ಅದೇ ಮಗುವಿಗೆ ಇನ್ನೊಂದು ದಿನ, ಜನ್ನ 1209ರಲ್ಲಿ ರಚಿಸಿದ ಯಶೋಧರ ಚರಿತೆಯಿಂದ ಹಿಟ್ಟಿನ ಕೋಳಿಯ ಪ್ರಸಂಗವೊಂದನ್ನೇ ಆಯ್ದು ಹೇಳಿದರೆ ಸಾಕು. ಆ ಕಾವ್ಯದ ಉಳಿದ ದಾರುಣ ಭಾಗ ಬೆಳೆದವರಿಗಿರಲಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸ ನವಿಲಾಗಿ, ಅವನ ತಾಯಿ ನಾಯಿಯಾಗಿ ಹುಟ್ಟಿದರು. ಮಗು ಮತ್ತೆ ಕೇಳುತ್ತದೆ: 'ಹಿಟ್ಟಿಗೆ ಜೀವವಿಲ್ಲವಲ್ಲ?' ಅಲ್ಲಿ ಜೀವ ಹೋಯಿತು, ಕೊಲ್ಲುವ ಭಾವವಿರಲಿಲ್ಲ. ಇಲ್ಲಿ ಭಾವವಿತ್ತು, ಜೀವವಿರಲಿಲ್ಲ. ದ್ರವ್ಯಹಿಂಸೆ, ಭಾವಹಿಂಸೆಗಳೆಂಬ ಶಬ್ದಗಳನ್ನು ಅರಿಯದೆಯೇ ಆ ಮಗು ಅಹಿಂಸಾತತ್ತ್ವದ ಹೊಸ್ತಿಲಿಗೆ ಬಂದು ನಿಂತಿರುತ್ತದೆ. ಅಂತಹ ಹೊತ್ತಿನಲ್ಲಿ 'ನೀತಿ: ಭಕ್ತಿಯಿಂದಿರಬೇಕು' ಎಂದು ಮುಗಿಸುವುದು ಹೊಸ್ತಿಲಲ್ಲಿರುವವನ ಮುಖಕ್ಕೆ ಕದ ಹಾಕಿದಂತೆ.

ಇದಕ್ಕಿಂತ ದೊಡ್ಡ ಅನರ್ಥ ಇನ್ನೊಂದಿದೆ. 'ಸುಳ್ಳು ಹೇಳಿದರೆ ನಾಯಿಯಾಗಿ ಹುಟ್ಟುತ್ತೀಯೆ' ಎಂಬ ಬೆದರಿಕೆಯನ್ನು ಎಷ್ಟೋ ಮನೆಗಳಲ್ಲಿ ಧರ್ಮಬೋಧೆಯೆಂದು ಭಾವಿಸಲಾಗಿದೆ. ಇದರಿಂದ ಮಗು ಕಲಿಯುವುದು ಸತ್ಯವನ್ನಲ್ಲ, ನಾಯಿಯ ಮೇಲಿನ ತಿರಸ್ಕಾರವನ್ನು. ಬೀದಿಯ ನಾಯಿ ಪಾಪದ ಗುರುತಾಗಿ ಕಂಡರೆ ಅದಕ್ಕೆ ಕಲ್ಲೆಸೆಯುವ ಕೈ ಹಿಂಜರಿಯುವುದು ಹೇಗೆ? ತಿರ್ಯಂಚಗತಿ ದುಃಖದ ಗತಿಯೆಂಬುದು ನಿಜ. ತಿರಸ್ಕಾರದ ಗತಿಯೆಂದು ಆಗಮ ಹೇಳುವುದಿಲ್ಲ. ಮಹಾವೀರನ ಜೀವ ಹಿಂದೆ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ವ್ರತ ಹಿಡಿಯಿತು. ಪಾರ್ಶ್ವನಾಥನ ಜೀವ ಆನೆಯಾಗಿ ಅಣುವ್ರತಗಳನ್ನು ಪಾಲಿಸಿತು. ಮನಸ್ಸುಳ್ಳ ಪಂಚೇಂದ್ರಿಯ ಪ್ರಾಣಿ 5ನೆಯ ಗುಣಸ್ಥಾನದವರೆಗೆ ಏರಬಲ್ಲದು. ಸ್ವರ್ಗದ ದೇವರ್ಕಳು 4ನೆಯದನ್ನು ದಾಟಲಾರರು. ಇಂದ್ರನಿಗೆ ಎಟುಕದ ವ್ರತ ಸಿಂಹಕ್ಕೆ ಎಟುಕಿತೆಂಬ ಮಾತನ್ನು ಕೇಳಿ ಬೆಳೆದ ಮಗು ಪ್ರಾಣಿಯನ್ನು ನೋಡುವ ದೃಷ್ಟಿಯೇ ಬೇರೆ.

ಕನ್ನಡದಲ್ಲಿ ದೊರೆತಿರುವ ಗದ್ಯಕೃತಿಗಳಲ್ಲಿ ಅತಿ ಪ್ರಾಚೀನವೆಂದು ಮಾನ್ಯವಾದ ವಡ್ಡಾರಾಧನೆ 19 ಕಥೆಗಳ ಜೈನಗ್ರಂಥ. ಕನ್ನಡಕ್ಕೆ ಕಥೆ ಹೇಳಲು ಕಲಿಸಿದ ಸಮಾಜದ ಮಕ್ಕಳು ಕಥೆಗಾಗಿ ದೂರದರ್ಶನದ, ಮೊಬೈಲಿನ ಮುಂದೆ ಕೂರುವಂತಾದುದು ಯಾರ ಲೋಪ?

ಟ್ರಸ್ಟುಗಳು ಅಮೃತಶಿಲೆಗೂ ದಾನಿಗಳ ನಾಮಫಲಕಕ್ಕೂ ಹಣ ತೆಗೆದಿಡುತ್ತವೆ, ಅದು ತಪ್ಪಲ್ಲ. ಆದರೆ ಕಪ್ಪೆಯಾದ ಶ್ರೇಷ್ಠಿಗೂ ಒಂದು ಬಾವಿಯಿತ್ತು ಎಂಬುದನ್ನು ಮರೆಯಬಾರದು. ವಾರಕ್ಕೆ ಅರ್ಧ ಗಂಟೆ, ಕಥೆ ಬಲ್ಲ ಒಬ್ಬ ಅಜ್ಜಿ, ಒಂದು ಚಾಪೆ: ಖರ್ಚು ಇಷ್ಟೇ. ನಿಯಮವೂ ಒಂದೇ. ಕಥೆಯ ಕೊನೆಗೆ ಹಿರಿಯರು ನೀತಿ ಹೇಳಕೂಡದು. ಮಗು ಕೇಳುವ ಪ್ರಶ್ನೆಗೆ ಕಾಯಬೇಕು. ಉತ್ತರ ತಿಳಿಯದಿದ್ದರೆ ಶಾಸ್ತ್ರವನ್ನು ಬಿಚ್ಚಿ ನೋಡಬೇಕು. ಹಾಗಾದರೆ ಪಾಠಶಾಲೆಯಿಂದ ಮಕ್ಕಳಿಗಷ್ಟೇ ಅಲ್ಲ, ಹಿರಿಯರಿಗೂ ಸ್ವಾಧ್ಯಾಯ ಲಭಿಸೀತು.